ಈ ಪ್ರೊಫೈಲಿನಲ್ಲಿ ನೀರೆಲ್ಲಿ?

"ಆಂಟಿ, ಒಂದ್ನಿಮಿಷ ಬಿಡುವಿದ್ಯಾ?"

ಪಕ್ಕದ ಮನೆಯ ಹುಡುಗ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದ. ನಾನು ಕರಿಬೇವು ಬಿಡಿಸುತ್ತಿದ್ದೆ. ಸಿವಿಲ್ ಎಂಜಿನಿಯರಿಂಗ್ ಓದಿದವನು, ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ವರ್ಷದಿಂದ ಮೈಸೂರಿನಲ್ಲೇ ಮಳೆನೀರು ಕೊಯ್ಲಿನ ಕೆಲಸ ಹಿಡಿದಿದ್ದಾನೆ. ನಮ್ಮ ತಾರಸಿಯ ನೀರನ್ನು ಸಂಪಿಗೆ ಇಳಿಸಿಕೊಟ್ಟವನೂ ಅವನೇ. ಕೆಲಸ ಬಲು ಅಚ್ಚುಕಟ್ಟು, ಆದರೆ ಕರೆಯುವವರು ಕಡಿಮೆ. ಲಿಂಕ್ಡ್‌ಇನ್ ಪ್ರೊಫೈಲು ಸರಿಮಾಡಿಕೋ ಎಂದು ಯಾರೋ ಹೇಳಿದ್ದಾರೆ. ನಾನು ಮನೆಯಲ್ಲೇ ಕೂತು ಅನುವಾದ ಮಾಡುವವಳು. ನನಗೆ ಕೆಲಸ ಕೊಡುವವರಲ್ಲಿ ಅರ್ಧ ಜನ ಅಲ್ಲಿಂದಲೇ ಸಿಕ್ಕವರು ಎನ್ನುವುದು ಅವನಿಗೆ ಗೊತ್ತು.

ಫೋನನ್ನು ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟ. ಹೆಸರಿನ ಕೆಳಗೆ ಹೀಗಿತ್ತು: ಸಿವಿಲ್ ಎಂಜಿನಿಯರ್, ಫ್ರೀಲಾನ್ಸರ್, ಪರಿಸರಪ್ರೇಮಿ, ಕನಸುಗಾರ.

"ಇದರಲ್ಲಿ ನೀರೆಲ್ಲಪ್ಪಾ?" ಅಂದೆ.

ಆ ಹೆಡ್‌ಲೈನಿಗೆ 220 ಅಕ್ಷರಗಳ ಜಾಗವಿದೆ. ಇಡೀ ಪ್ರೊಫೈಲಿನಲ್ಲಿ ಅತಿ ಹೆಚ್ಚು ದುಡಿಯುವ ಸಾಲು ಅದು. ಇನ್ನೊಬ್ಬರ ಪೋಸ್ಟಿಗೆ ಕಾಮೆಂಟ್ ಹಾಕಿದರೂ, ಯಾರೋ ಹುಡುಕಿದಾಗ ನಮ್ಮ ಹೆಸರು ಬಂದರೂ, ಹೆಸರಿನ ಜೊತೆ ಊರೂರು ಸುತ್ತುವುದು ಅದೇ. ಅದೂ ಎಷ್ಟೋ ಕಡೆ ಮೊದಲ ನಾಲ್ಕಾರು ಪದಗಳಷ್ಟೇ ಕಾಣುತ್ತವೆ. ನೀರಿಲ್ಲದೆ ಒದ್ದಾಡುವವರು ಕನಸುಗಾರನನ್ನು ಹುಡುಕುವುದಿಲ್ಲ. ಹಾಗಾಗಿ ಅಲ್ಲೇ ನಿಂತು ಬದಲಾಯಿಸಿದೆವು: ಮೈಸೂರಿನ ಮನೆಗಳಿಗೆ ಮಳೆನೀರು ಕೊಯ್ಲು, ತಾರಸಿಯಿಂದ ಸಂಪಿನವರೆಗೆ, ಫಿಲ್ಟರ್ ಸಮೇತ.

"ತೀರಾ ಸಾದಾ ಆಗೋಯ್ತು ಆಂಟಿ."

"ನಿಮ್ಮಮ್ಮ ನನಗೆ ಹೇಳಿದ್ದು ಇಷ್ಟೇ ಕಣೋ. ನಾನು ಅವತ್ತೇ ಕೆಲಸ ಕೊಟ್ಟೆ."

ಲಿಂಕ್ಡ್‌ಇನ್ 2003ರ ಮೇ ತಿಂಗಳಲ್ಲಿ ಶುರುವಾದದ್ದು. ಇಷ್ಟು ವರ್ಷವಾದರೂ ನಮ್ಮವರು ಅದನ್ನು ಬಯೋಡೇಟಾ ತುಂಬಿದ ಹಾಗೇ ತುಂಬುತ್ತಾರೆ. ನೌಕರಿ ಹುಡುಕುವವರಿಗೆ ಅದು ಸರಿ. ಸ್ವಂತ ಕೆಲಸದವನ ಪ್ರೊಫೈಲನ್ನು ಓದುವವನು ಬೇರೆ ಮನುಷ್ಯ. ಅವನು ಯಾರು ಎನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

"ಇಲ್ಲಿವರೆಗೆ ಮಾಡಿದ ಮನೆಗಳಲ್ಲಿ ದುಡ್ಡು ಕಳಿಸಿದವರು ಯಾರು, ಎಣಿಸು" ಅಂದೆ. ಬೆರಳು ಮಡಚುತ್ತಾ ಹೋದ. ಒಂಬತ್ತು ಮನೆ. ಐದರಲ್ಲಿ ಮನೆಯೊಳಗಿದ್ದವರು ವಯಸ್ಸಾದ ತಂದೆತಾಯಿ. ದುಡ್ಡು ಬಂದದ್ದು ಬೆಂಗಳೂರಿನ, ಪುಣೆಯ, ಡಲ್ಲಾಸಿನ ಮಕ್ಕಳಿಂದ. ಎಣಿಸಿ ಮುಗಿಸಿ ಸುಮ್ಮನೆ ನನ್ನ ಮುಖ ನೋಡಿದ. ಅವನ ಪ್ರೊಫೈಲು ಓದಬೇಕಾದವರು ಅವರೇ. ಸರಸ್ವತೀಪುರಂನ ತಾತ ಲಿಂಕ್ಡ್‌ಇನ್ ತೆರೆಯುವುದಿಲ್ಲ, ಡಲ್ಲಾಸಿನ ಮಗ ದಿನಾ ತೆರೆಯುತ್ತಾನೆ.

ಆ ಮಗನ ಕಷ್ಟ ಏನಿರಬಹುದು ಎಂದು ಇಬ್ಬರೂ ಯೋಚಿಸುತ್ತಾ ನಿಂತೆವು. ಫೋನಿನಲ್ಲಿ ಅಪ್ಪ ದಿನಾ ಹೇಳುತ್ತಾರೆ, ಬೋರ್‌ವೆಲ್ ಬತ್ತಿದೆ, ಟ್ಯಾಂಕರಿನವನು ಕರೆದಾಗ ಬರುವುದಿಲ್ಲ ಅಂತ. ಮಗನಿಗೆ ಅಲ್ಲಿಂದ ಬರಲಾಗದು. ಗೊತ್ತಿಲ್ಲದವರನ್ನು ಮನೆಗೆ ಕಳಿಸಲು ಭಯ. ಅಂಗಳ ಅಗೆದು ಹಾಗೇ ಬಿಟ್ಟು ಹೋದರೆ? ಅಪ್ಪನ ಹತ್ತಿರ ಜೋರಾಗಿ ಮಾತಾಡಿದರೆ? ಈ ಪ್ರಶ್ನೆಗಳಿಗೆ ಉತ್ತರ 'ಅಬೌಟ್' ಭಾಗದಲ್ಲಿ ಇರಬೇಕು. ಅಲ್ಲಿ 2,600 ಅಕ್ಷರ ಬರೆಯಬಹುದು, ಆದರೆ ಮುಂದಕ್ಕೆ ಓದಲು ಒತ್ತುವ ಮುನ್ನ ಕಾಣುವುದು ಮೊದಲ ಕೆಲವೇ ಸಾಲು. ಹುಡುಗ ಅಲ್ಲಿ ತನ್ನ ಕಾಲೇಜಿನಿಂದ ಶುರುಮಾಡಿದ್ದ. ಅದನ್ನು ಕೆಳಗಿಳಿಸಿ ಮೇಲೆ ಹೀಗೆ ಬರೆಸಿದೆ: ನೀವು ಊರಲ್ಲಿಲ್ಲದಿದ್ದರೂ ನಿಮ್ಮ ತಂದೆತಾಯಿಯರ ಮನೆಗೆ ಮಳೆನೀರು ಕೊಯ್ಲು ಮಾಡಿಕೊಡುತ್ತೇನೆ, ಮೊದಲು ಎಸ್ಟಿಮೇಟ್, ದಿನದ ಕೊನೆಗೆ ಫೋಟೋ, ಕಡೆಗೆ ಅಗೆದ ಜಾಗ ಮೊದಲಿನಂತೆ. ಬರೆದ ಮೇಲೆ ಅವನೇ ಹೇಳಿದ, "ಇದೆಲ್ಲ ನಾನು ಮಾಡ್ತಾನೇ ಇದ್ದೀನಲ್ಲ ಆಂಟಿ, ಹೇಳ್ಕೊಬೇಕು ಅಂತ ಅನ್ನಿಸಿರಲಿಲ್ಲ." ಒಳ್ಳೆಯ ಕೆಲಸಗಾರರ ಪಾಡೇ ಇದು, ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪ್ರೊಫೈಲಿನಲ್ಲಿದ್ದ ಕೋಟು ಹಾಕಿಕೊಂಡ ಫೋಟೋವನ್ನು ತೆಗೆದುಹಾಕಿಸಿದೆ. ತಾರಸಿಯಲ್ಲಿ ಪೈಪು ಹಿಡಿದು ನಿಂತದ್ದು ಹಾಕಿದ.

ಆಮೇಲೆ ಫಾಲೋವರ್ಸ್ ಮಾತು ಬಂತು. ಅವನೊಂದು ವಾಟ್ಸಾಪ್ ಗುಂಪಿಗೆ ಸೇರಿದ್ದನಂತೆ. ಅಲ್ಲಿ ಒಬ್ಬರ ಪೋಸ್ಟಿಗೆ ಎಲ್ಲರೂ ಲೈಕ್ ಒತ್ತಬೇಕು. ಬಿಟ್ಟುಬಿಡು ಅಂದೆ. ಲೈಕ್ ಒತ್ತುವವರೆಲ್ಲ ಲೈಕಿಗಾಗಿ ಬಂದವರು, ಅವರಲ್ಲಿ ಒಬ್ಬರಿಗೂ ಮೈಸೂರಿನಲ್ಲಿ ತಾರಸಿ ಇಲ್ಲ. ಲಿಂಕ್ಡ್‌ಇನ್‌ನಲ್ಲಿ 30,000 ಜನರವರೆಗೆ ಕನೆಕ್ಷನ್ ಮಾಡಿಕೊಳ್ಳಬಹುದು. ಇವನಿಗೆ ಬೇಕಾದದ್ದು ವರ್ಷಕ್ಕೆ ಇಪ್ಪತ್ತು ಮನೆ.

ಹಾಗಾದರೆ ಏನು ಬರೆಯಲಿ ಎಂದ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎನ್ನುವ ಲೆಕ್ಕವನ್ನು ನನಗೆ ಕಲಿಸಿದವನು ಅವನೇ. "ಅದನ್ನೇ ಬರಿ. 100 ಚದರ ಮೀಟರ್ ತಾರಸಿಗೆ 20 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್ ಅಂತ. ಧೂಳು, ಹಕ್ಕಿ ಹಿಕ್ಕೆ ಕೊಚ್ಚಿಕೊಂಡು ಬರುವ ಮೊದಲ ನೀರನ್ನು ಯಾಕೆ ಹೊರಗೆ ಬಿಡಬೇಕು ಅಂತ ಬರಿ. ದೊಡ್ಡ ಮಳೆ ಬಂದ ಮಾರನೇ ದಿನ ಬರಿ." ಓದಿದವರು ತಮ್ಮ ಮನೆಯ ತಾರಸಿಯನ್ನು ಮನಸ್ಸಿನಲ್ಲೇ ಅಳೆಯುತ್ತಾರೆ. ಅಂಥವರು ನೂರು ಜನ ಫಾಲೋ ಮಾಡಿದರೆ ಸಾಕು. ಮುಗಿಸಿದ ಮನೆಗಳ ಚಿತ್ರಗಳನ್ನು 'ಫೀಚರ್ಡ್' ಭಾಗದಲ್ಲಿ ಮೇಲೆಯೇ ಇಡಬಹುದು, ಮಾಡಿಕೊಡುವ ಕೆಲಸಗಳನ್ನು 'ಸರ್ವಿಸಸ್' ಭಾಗದಲ್ಲಿ ಸೇರಿಸಬಹುದು. ಅವೆರಡನ್ನೂ ರಾತ್ರಿ ಕೂತು ಮಾಡುತ್ತೇನೆ ಎಂದ.

ಉಳಿದದ್ದು ರೆಕಮೆಂಡೇಶನ್. ಅಲ್ಲಿ ಕನೆಕ್ಷನ್ ಆದವರು ಮಾತ್ರ ಅದನ್ನು ಬರೆದುಕೊಡಬಹುದು. ಒಂಬತ್ತು ಮನೆ ಮಾಡಿದ್ದರೂ ಅವನು ಒಬ್ಬರನ್ನೂ ಕೇಳಿರಲಿಲ್ಲ. ಸಂಕೋಚ. ಕರಿಬೇವಿನ ಬುಟ್ಟಿ ಕೆಳಗಿಟ್ಟು ನನ್ನ ಫೋನು ತಂದೆ. ಕಷ್ಟಪಟ್ಟು ಕೆಲಸ ಮಾಡುವ ಹುಡುಗ ಎಂದು ಶುರುಮಾಡಿ, ಅಳಿಸಿದೆ. "ಹೋದ ಬೇಸಿಗೆಯಲ್ಲಿ ನಾಲ್ಕು ಟ್ಯಾಂಕರ್ ನೀರು ತರಿಸಿದ್ದೆವು, ಈ ಬೇಸಿಗೆಯಲ್ಲಿ ಒಂದು" ಎಂದು ಬರೆದು ಓದಿ ಹೇಳಿದೆ.

"ಆ ಒಂದು ಯಾಕ್ ಬೇಕಾಯ್ತು ಅಂತಾನೂ ಹಾಕಿ ಆಂಟಿ, ಏಪ್ರಿಲ್‌ನಲ್ಲಿ ಫಿಲ್ಟರ್ ತೊಳೀದೇ ಬಿಟ್ಟಿದ್ರಿ" ಎಂದ.

ಅದನ್ನೂ ಹಾಕಿದೆ.