ಸೋಮವಾರ ರಾತ್ರಿಯ ಪಾಪದವರು

2022ರ ಆಗಸ್ಟ್. ಟೋಕಿಯೊದ ಕಸುಮಿಗಸೆಕಿ. ಕಂಪನಿಗಳು ಒಳಗೊಳಗೇ ಬೆಲೆ ಕುದುರಿಸಿಕೊಳ್ಳುವುದನ್ನು ಪತ್ತೆ ಹಚ್ಚುವ ಸರ್ಕಾರಿ ಆಯೋಗದ ಕಚೇರಿ. ಮಂಗಳವಾರ ಬೆಳಿಗ್ಗೆ.

ಕಿರಿಯ: ಸಾರ್, ನಿನ್ನೆ ಫುಜಿ ಟಿವಿಯಲ್ಲಿ ‘ಕ್ಯೋಸೋ ನೊ ಬಾನ್ನಿನ್’ ಧಾರಾವಾಹಿ ನೋಡಿದ್ರಾ? ನಮ್ಮದೇ ಕಥೆ!

ಹಿರಿಯ: ನೋಡಿದೆ. ನಮಗೆ ಅಧಿಕಾರವೇ ಇಲ್ಲವಂತೆ. ಕೇಳಿ ನನಗೇ ಅಳು ಬಂತು.

ಕಿರಿಯ: ಆದ್ರೂ ಗೆಲ್ತಾರಲ್ಲ!

ಹಿರಿಯ: ತಪಾಸಣೆಗೆ ಅಡ್ಡ ಬಂದರೆ ಕಾನೂನಲ್ಲಿ ಶಿಕ್ಷೆ ಇದೆ. ಸಿಕ್ಕಿಬಿದ್ದ ದೊಡ್ಡ ಕಂಪನಿಗೆ ಬೆಲೆ ಕುದುರಿಸಿಕೊಂಡ ಸರಕಿನ ಮಾರಾಟದಲ್ಲಿ ನೂರಕ್ಕೆ 10ರಷ್ಟು ದಂಡ. ಇಂಥ ದುರ್ಬಲರನ್ನ ಎಲ್ಲಿ ನೋಡಿದ್ದೀಯಯ್ಯಾ?

ಕಿರಿಯ: ನಾಯಕಿ ಆನ್ ಅವರ ಪಾತ್ರ ಪೊಲೀಸ್ ಇಲಾಖೆಯಿಂದ ಬಂದದ್ದು ಸಾರ್. ಅದಕ್ಕೇ ಅಷ್ಟು ಚುರುಕು.

ಹಿರಿಯ: ನೀನು ಕೆಲಸಕ್ಕೆ ಸೇರಿದ ಮೇಲೆ ಯಾರ ಹಿಂದೆ ಓಡಿದ್ದೀಯ?

ಕಿರಿಯ: ಕೊನೇ ರೈಲಿನ ಹಿಂದೆ. ದಿನಾ.

ಹಿರಿಯ: ನಿಜವಾದ ಓಟ ಇದ್ದದ್ದು ಫ್ಯಾಕ್ಸ್‌ನಲ್ಲಿ. 2006ರಿಂದ, ತನಿಖೆಗೆ ಮುಂಚೆಯೇ ಮೊದಲು ತಪ್ಪೊಪ್ಪಿಕೊಂಡ ಕಂಪನಿಗೆ ದಂಡ ಪೂರ್ತಿ ಮಾಫಿ. ರಾತ್ರಿ ಜೊತೆಗೂಡಿ ಕುಡಿದು ಬೆಲೆ ಗೊತ್ತುಮಾಡಿದ ಗೆಳೆಯರು, ಬೆಳಗಾದರೆ ಒಬ್ಬನಿಗಿಂತ ಮುಂಚೆ ಇನ್ನೊಬ್ಬ ನಮಗೆ ಕಾಗದ ಕಳಿಸೋಕೆ ಪೈಪೋಟಿ! ಧಾರಾವಾಹಿಯವರು ಇದನ್ನ ಬಿಟ್ಟು ಭಾಷಣ ಬಿಗೀತಾರೆ.

ಕಿರಿಯ: ಫ್ಯಾಕ್ಸ್ ಯಂತ್ರ ನಟಿಸುತ್ತಾ ಸಾರ್?

ಹಿರಿಯ: ಅದರಲ್ಲಿನ ಖಳರಿಗಿಂತ ವಾಸಿ. ಬೈದ ತಕ್ಷಣ ಕುಸಿಯೋದಿಲ್ಲ.

ಕಿರಿಯ: ಹಾಗಾದ್ರೆ ಮುಂದಿನ ವಾರ ನೋಡಲ್ವಾ?

ಹಿರಿಯ: ನೋಡಲೇಬೇಕು. ನನ್ನ ಕೆಲಸ ಏನಂತ ಮನೇಲಿ ಗೊತ್ತಾಗಿದ್ದೇ ಈಗ. ನೀವ್ಯಾಕೆ ನಾಯಕ ಸಾಕಾಗುಚಿ ಕೆಂತಾರೊ ಥರ ಇಲ್ಲ ಅಂತ ಹೆಂಡತಿಯ ತನಿಖೆ ನಡೀತಾ ಇದೆ.