ಅಚ್ಚಗನ್ನಡ ಮಟನ್ ಖಾನಾವಳಿ

(ಶಹಾಪುರ ಬಸ್‌ಸ್ಟ್ಯಾಂಡ್ ಕಡಿ. ಬೋರ್ಡಿನ ಬಣ್ಣ ಇನ್ನೂ ಒಣಗಿಲ್ಲ.)

ಶರಣು: ಓದ್ರಿ ಕಾಕಾ, ‘ಅಚ್ಚಗನ್ನಡ ಮಟನ್ ಖಾನಾವಳಿ’! ಯಾದಗಿರಿ ಕಡಿ ಭಾಷಾ ಉರ್ದು ಕಲಸಿ ಕೆಟ್ಟದಂತ. ಇವತ್ತಿಂದ ನಮ್ಮಲ್ಲಿ ಉರ್ದು ಬಂದ್.

ಕಾಕಾ: ‘ಬಂದ್’ ಫಾರಸಿ ಮಾತು ತಮ್ಮಾ. ಮಟನ್ ಅಂತೂ ಫ್ರಾನ್ಸಿಂದ ನಡಕೋತ ಬಂದದ. 1066ರಾಗ ನಾರ್ಮಂಡಿ ದೊರಿ ಇಂಗ್ಲೆಂಡ್ ಗೆದ್ದ, ಅವನ ಮಂದಿ ಮಾತು ಫ್ರೆಂಚ್. ಅವರಿಗೆ ‘ಮೂತೋನ್’ ಅಂದ್ರ ದೊಡ್ಯಾಗಿನ ಕುರಿನೂ ಹೌದು, ಗಂಗಾಳದಾಗಿನ ತುಂಡೂ ಹೌದು. ಇಂಗ್ಲಿಷ್‌ನಾಗ ಮೆಲ್ಲಕ ಅದು ಎರಡಾಯ್ತು: ಜೀವ ಇದ್ದಾಗ ಶೀಪ್, ಬೆಂದ ಮ್ಯಾಲ ಮಟನ್. ನಾವೂ ಸಂತ್ಯಾಗ ಕುರಿ ಕೊಳ್ತೀವಿ, ಮದಿವ್ಯಾಗ ಮಟನ್ ತಿಂತೀವಿ. ಹೋತ ಕಡದ್ರೂ ಮಟನ್ನೇ!

ಶರಣು: ಸುಮ್ಮ ‘ಹೋಟೆಲ್’ ಅಂತ ಬರೀಲೇನ್ರಿ?

ಕಾಕಾ: ಅದೂ ಫ್ರೆಂಚೇ. ಅವರು ‘ಓತೆಲ್’ ಅಂತಾರ. ಇಂಗ್ಲಿಷ್‌ನವರು ಹೋಟೆಲ್‌ನ್ಯಾಗ ಮಲಗ್ತಾರ, ನಾವು ಇಡ್ಲಿ ತಿಂತೀವಿ. ಫ್ರಾನ್ಸಿನ್ಯಾಗ ‘ಓತೆಲ್ ದ ವಿಲ್’ ಅಂದ್ರ ನಗರಸಭಾ. ಪ್ಲೇಟ್ ಇಡ್ಲಿ ಕೇಳಿದ್ರ ಮನಿಪಟ್ಟಿ ಬಾಕಿ ಕೇಳ್ಯಾರು. ಪ್ಯಾರಿಸಿನ ‘ಓತೆಲ್ ದ್ಯೂ’, ಅಂದ್ರ ದೇವರ ಹೋಟೆಲ್, ಹಳೇ ದವಾಖಾನಿ.

ಶರಣು: ದೇವರ ಹೋಟೆಲ್‌ನ್ಯಾಗ ಚಾ ಸಿಗಂಗಿಲ್ಲೇನ್ರಿ?

ಕಾಕಾ: ಸೂಜಿ ಸಿಗ್ತದ.

ಶರಣು: ಚಟ್ನಿ?

ಕಾಕಾ: ಸಲಾಯಿನ್.

ಶರಣು: ಪಾರ್ಸಲ್?

ಕಾಕಾ: ಆ ಮಾತೂ ಫ್ರೆಂಚಿಂದೇ. ಆದ್ರ ದವಾಖಾನಿಯಿಂದ ಪಾರ್ಸಲ್ ಆಗಬ್ಯಾಡ.

ಶರಣು: ಹಿಂಗ ಎಲ್ಲಾ ಹೊರಗಿಂದಾದ್ರ ಕನ್ನಡ ಎಲ್ಲುಳೀತ್ರಿ?

ಕಾಕಾ: ‘ಮಟನ್‌ದಾಗ ಉಪ್ಪಿಲ್ಲ’ ಅಂತೀ. ಮಟನ್ ಒಂದು ಹೊರಗಿಂದು; ‘ದಾಗ’, ‘ಉಪ್ಪು’, ‘ಇಲ್ಲ’ ಯಾರವು? ಮಾತು ಕಟ್ಟೋ ಹಗ್ಗ ಕನ್ನಡದ್ದು, ಮೂಟಿ ಯಾವ ಊರಿಂದಾದ್ರೇನು? 1948ರ ತನಕ ಇಲ್ಲಿ ನಿಜಾಮನ ಆಳಿಕಿ, ಕಚೇರಿ ಕಾಗದ ಉರ್ದು. ತಹಸೀಲು, ದವಾಖಾನಿ ಹಂಗ ಉಳದಾವ. ಹೆಸರು ಬದಲು ಮಾಡಿದ್ರ ಜಡ್ಡು ಬಿಡ್ತಾವೇನು? ಸುರಪುರದಾಗ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಅದ. ಟೇಲರ್ ಅನ್ನೋ ಅಡ್ಡಹೆಸರು ಮೂಲದಾಗ ಫ್ರೆಂಚಿನ ಸಿಂಪಿಗ, ಮಂಜಿಲ್ ಉರ್ದು. ಅದನ್ನ ಅಚ್ಚಗನ್ನಡ ಮಾಡಿ ‘ಸಿಂಪಿಗರ ಮನಿಗೆ ನಡಿ’ ಅನ್ನು. ಆಟೋದಾಂವ ಕುಪ್ಪಸ ಹೊಲಿಯೋ ಅಂಗಡಿ ಮುಂದ ಇಳಿಸಿ ಹೋಗ್ತಾನ.

ಶರಣು: ಹಂಗಾರ ‘ರೊಟ್ಟಿ ಅಂಗಡಿ’ ಅಂತ ಬರೀತೀನಿ. ರೊಟ್ಟಿ ಎಲ್ಲಿಂದ ಬಂತ್ರಿ?

ಕಾಕಾ: ನಿಮ್ಮವ್ವನ ಹಂಚಿನ ಮ್ಯಾಲಿಂದ. ಆರೋದ್ರೊಳಗ ಎರಡು ತಾ.