ಚಿಕ್ಕಪ್ಪನ ಹಾಲಿ ವಿಳಾಸ ತಿಳಿಸುವ ಬಗ್ಗೆ

ಶ್ರೀ ಚಿತ್ರಗುಪ್ತರಿಗೆ,
ಲೆಕ್ಕಪತ್ರ ಶಾಖೆ, ಯಮಪುರಿ.

ಮಾನ್ಯರೇ,

ನಮ್ಮ ಚಿಕ್ಕಪ್ಪ ತೀರಿಕೊಂಡ ಹದಿಮೂರನೇ ದಿನ ವೈಕುಂಠ ಸಮಾರಾಧನೆ ಮುಗಿಸಿದೆವು. ಕಾರ್ಡಿನಲ್ಲೂ ಪೇಪರಿನ ಫೋಟೊ ಕೆಳಗೂ ಅವರು ವೈಕುಂಠವಾಸಿ. ಪಾಯಸ ಬರುವ ಹೊತ್ತಿಗೆ ಪುರೋಹಿತರು ವರ್ಷಪೂರ್ತಿಯ ಮಾಸಿಕಗಳ ಮಾತೆತ್ತಿದರು. ಜೀವ ಇನ್ನೂ ದಾರಿಯಲ್ಲಿದೆಯಂತೆ! ತಲುಪಿದವರಿಗೆ ಬುತ್ತಿ ಯಾಕೆ ಎಂದು ಕೇಳಿದೆ. ಚಿಕ್ಕಮ್ಮನ ತಂಗಿ ನನ್ನೆಲೆಗೆ ಇನ್ನೊಂದು ವಡೆ ಹಾಕಿ ಬಾಯಿ ಮುಚ್ಚಿಸಿದರು.

ಮನೆಗೆ ಬಂದು ಗರುಡಪುರಾಣ ತೆರೆದೆ. ನಿಮ್ಮೂರಿಗೆ 86,000 ಯೋಜನ. ದಿನಕ್ಕೆ 247 ಯೋಜನದ ನಡಿಗೆ, ನಡುವೆ ಹದಿನಾರು ಊರು. ಯೋಜನಕ್ಕೆ ಎಂಟು ಮೈಲಿ ಎಂದು ಹಿಡಿದರೂ ದಿನಕ್ಕೆ ಸುಮಾರು ಎರಡು ಸಾವಿರ ಮೈಲಿಯಾಯಿತು. ಚಿಕ್ಕಪ್ಪನೋ ಮಂಡಿನೋವಿಗೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದವರು. ಹೊಸ ದೇಹ ಸಿಗುತ್ತದೆ, ಒಪ್ಪಿದೆ. ಮೊದಲ ದಿನದ ಪಿಂಡಕ್ಕೆ ತಲೆ, ಎರಡನೆಯದಕ್ಕೆ ಕತ್ತು, ಹೆಗಲು, ಹೀಗೆ. ಅಳತೆ ಮಾತ್ರ ಒಂದು ಮೊಳ. ಹತ್ತನೆಯ ದಿನದ ಪಿಂಡಕ್ಕೆ ಹುಟ್ಟುವುದು ಹಸಿವು, ಬಾಯಾರಿಕೆ. ಅಲ್ಲ ಸ್ವಾಮಿ, ಆ ಒಂದು ಪಿಂಡ ಇಡದಿದ್ದರೆ ವರ್ಷವಿಡೀ ಊಟದ ಗೊಡವೆಯೇ ಇರುತ್ತಿರಲಿಲ್ಲವಲ್ಲ! ಇದನ್ನು ಬರೆದವರ ವ್ಯವಹಾರಜ್ಞಾನಕ್ಕೆ ಅಡ್ಡಬಿದ್ದೆ.

ಆಮೇಲೆ ವೈತರಣಿ. ದಾನ ಕೊಟ್ಟ ಹಸುವಿನ ಬಾಲ ಹಿಡಿದು ದಾಟಬೇಕಾದ ರಕ್ತ, ಕೀವಿನ ಹೊಳೆ. ಮೂರನೇ ಅಂತಸ್ತಿನ ಫ್ಲ್ಯಾಟಿಗೆ ಹಸು ಎಲ್ಲಿಂದ ತರೋಣ? ತೆಂಗಿನಕಾಯಿ, ವೀಳ್ಯದೆಲೆ, ಮೇಲೊಂದಿಷ್ಟು ದಕ್ಷಿಣೆಯಲ್ಲಿ ಗೋದಾನ ಆಯಿತು. ತೆಂಗಿನಕಾಯಿಗೆ ಬಾಲವಿಲ್ಲ, ಜುಟ್ಟಿದೆ. ನಡುಹೊಳೆಯಲ್ಲಿ ಅದು ಕಿತ್ತು ಬಂದರೆ ಯಾರು ಹೊಣೆ?

ಇಂಥ ತಕರಾರು ಹೊಸದೇನಲ್ಲ. 14ನೇ ಶತಮಾನದಲ್ಲಿ, ವಿಜಯನಗರದ ಕಾಲದ ಮಾಧವರು ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯವನ್ನೇ ಚಾರ್ವಾಕರಿಗೆ ಬಿಟ್ಟುಕೊಟ್ಟರು. ಇಲ್ಲಿ ಹಾಕಿದ ಅನ್ನ ಪರಲೋಕಕ್ಕೆ ಮುಟ್ಟುವುದಾದರೆ, ಮಹಡಿಯ ಮೇಲಿದ್ದವರಿಗೆ ಕೆಳಗಿನಿಂದಲೇ ಬಡಿಸಬಹುದಲ್ಲ ಎಂಬುದು ಅವರ ವಾದ. ಮಾಧವರಿಗೆ ಅದು ಒಪ್ಪಿಗೆಯಿರಲಿಲ್ಲ, ಆದರೂ ಬರೆದಿಟ್ಟರು. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಅಷ್ಟು ತಾಳ್ಮೆಯಿಲ್ಲ, ನನ್ನನ್ನು ತೆಗೆದುಹಾಕಿದ್ದಾರೆ.

ಇನ್ನು ಕಾಗೆಯ ವಿಷಯ. ಹತ್ತನೇ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಪಿಂಡ ಇಟ್ಟರೆ ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ಏನೋ ಆಸೆ ಉಳಿದಿದೆ ಎಂದರು ಯಾರೋ. ಫಿಲ್ಟರ್ ಕಾಫಿ ಇಟ್ಟೆವು. ಸಿಗರೇಟು ಇಟ್ಟೆವು. ಬಿಸಿಲೇರಿತು. ಕೊನೆಗೆ ದೊಡ್ಡ ಮಗ ಒದ್ದೆ ಪಂಚೆಯಲ್ಲೇ ಕೈಮುಗಿದು, “ತಂಗಿಗೂ ಜಮೀನಲ್ಲಿ ಪಾಲು ಕೊಡ್ತೀವಪ್ಪಾ” ಎಂದ. ಕಾಗೆ ಇಳಿದು ಅನ್ನ ಕಚ್ಚಿತು. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಎಂದ 2005ರ ಕಾನೂನು ತಿದ್ದುಪಡಿಗೆ ಬಗ್ಗದವರು ಕಾಗೆಗೆ ಬಗ್ಗಿದರು. ಆ ಗಳಿಗೆಯಲ್ಲಿ ನನಗೂ ಪರಲೋಕದ ಮೇಲೆ ಸ್ವಲ್ಪ ಭಕ್ತಿ ಬಂತು.

ಪಾಲು ಇನ್ನೂ ಬಂದಿಲ್ಲ. “ಕಾಗೆ ಮುಟ್ಟಿತಲ್ಲ, ಅಪ್ಪನಿಗೆ ತೃಪ್ತಿಯಾಗಿದೆ” ಎನ್ನುತ್ತಾರೆ ಅಣ್ಣಂದಿರು. ಕಾಗೆಯ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ. ಆ ದಿನದ ಮಾತು ತಮ್ಮ ಪುಸ್ತಕದಲ್ಲಿ ನಮೂದಾಗಿದ್ದರೆ ದಯವಿಟ್ಟು ದೃಢೀಕೃತ ನಕಲು ಕಳಿಸಿ. ಶುಲ್ಕವನ್ನು ಪುರೋಹಿತರ ಮೂಲಕವೇ ಕಟ್ಟಬೇಕೋ, ಫೋನ್‌ಪೇ ನಡೆಯುತ್ತದೋ ತಿಳಿಸಿ.

ಇತಿ,
ಮೃತರ ಅಣ್ಣನ ಮಗ